ಕಾಣದ ಕಂಪ್ಯೂಟರಿನ ಪಾಠ

ಕೈಯಲ್ಲಿಲ್ಲದ ವಸ್ತುವನ್ನು ಕಲಿಸಹೊರಟವರ ಬಾಳಿನಲ್ಲಿ ನಗುವಿಗೆಂದೂ ಬರ ಬರುವುದಿಲ್ಲ. ಅರವತ್ತರ ದಶಕದಲ್ಲಿ ನಾನು ಹಿಂದೂಪುರದ ಒಂದು ಬಾಲಕಿಯರ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕಿಯಾಗಿದ್ದೆ. ಒಂದು ಬೇಸಿಗೆಯಲ್ಲಿ ಮದರಾಸಿನಲ್ಲಿ ಅಧ್ಯಾಪಕರಿಗಾಗಿ ತರಬೇತಿ ನಡೆಯಿತು. ಅಲ್ಲಿ ಕಂಪ್ಯೂಟರ್ ಎಂಬ ಯಂತ್ರದ ಬಗೆಗೆ ಎರಡು ವಾರ ಪಾಠ ಹೇಳಿದರು. ಯಂತ್ರವನ್ನು ತೋರಿಸಲಿಲ್ಲ, ಅದರ ಛಾಯಾಚಿತ್ರವನ್ನು ತೋರಿಸಿದರು. ಕೊನೆಯ ದಿನ ಅದು ಓದುವಂತಹ ತೂತುಗಳ ಕಾರ್ಡೊಂದನ್ನು ತಲೆಗೊಂದರಂತೆ ಹಂಚಿದರು. ಆ ಒಂದು ಕಾರ್ಡಿನ ಬಲದ ಮೇಲೆ ನಾನು ಹಿಂದೂಪುರಕ್ಕೆ ಕಂಪ್ಯೂಟರನ್ನು ತಂದೆ.

ಗಣಿತದಲ್ಲಿ ಪ್ರಥಮ ದರ್ಜೆ ಪಡೆದವಳೆಂಬ ಹೆಮ್ಮೆ ನನಗೆ ಆಗಲೂ ಇತ್ತು, ಅರವತ್ತು ತುಂಬಿದ ಈಗಲೂ ಇದೆ. ಅದಕ್ಕೆ ಪೆಟ್ಟು ಬಿದ್ದ ಸಂದರ್ಭಗಳನ್ನಷ್ಟೇ ಇಲ್ಲಿ ಬರೆದಿದ್ದೇನೆ. ಉಳಿದವನ್ನು ಬರೆದರೆ ಬಹಳ ಉದ್ದವಾಗುತ್ತದೆ.

ಎರಡೇ ಅಂಕಿ

ನಮ್ಮ ಶಾಲೆಯಲ್ಲಿ ಆಗ ಸಾಮಾನ್ಯ ಗಣಿತ ಮಾತ್ರ ಇತ್ತು. ಹೆಚ್ಚಿನ ಗಣಿತ ಹುಡುಗರ ಶಾಲೆಗೆ ಮೀಸಲು. ಅದನ್ನು ಓದದವರಿಗೆ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರಗಳ ಬಾಗಿಲು ಮುಚ್ಚಿದಂತೆಯೇ. ನಮ್ಮ ಹುಡುಗಿಯರಲ್ಲಿ ನೇಕಾರರ ಮನೆಯವಳೊಬ್ಬಳಿದ್ದಳು. ನಾನು ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳಿ, ನನ್ನ ಬರವಣಿಗೆ ಮುಗಿಯಲೆಂದು ವಿನಯದಿಂದ ಕಾಯುವಳು. ಅವಳನ್ನು ಹುಡುಗರ ಶಾಲೆಗೆ ಕಳುಹಿಸಲು ಅವಳ ತಂದೆ ಸಿದ್ಧರಿರಲಿಲ್ಲ. ಹೆಚ್ಚಿನ ಗಣಿತದ ತರಗತಿ ನಮ್ಮ ಶಾಲೆಗೇ ಬರದಿದ್ದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು.

ಹೆಡ್ಮಾಸ್ಟರರ ಬಳಿ ಹೋಗಿ, ಶನಿವಾರ ಮಧ್ಯಾಹ್ನ ಕಂಪ್ಯೂಟರಿನ ಗಣಿತವನ್ನು ಕಲಿಸಲು ಅನುಮತಿ ಕೇಳಿದೆ. ಅವರು ನಿಯಮಕ್ಕೆ ಕಟ್ಟುಬಿದ್ದ, ಆದರೆ ಒಳ್ಳೆಯ ಮನಸ್ಸಿನ ಮನುಷ್ಯ.

"ಮಾಡ್ರಮ್ಮ. ಡಿಸೆಂಬರಿನಾಗೆ ಅನಂತಪುರದಿಂದ ಇನ್‌ಸ್ಪೆಕ್ಟರು ಬತ್ತಾರೆ. ನಿಮ್ಮ ಕ್ಲಾಸು ನೋಡಿ ಮೆಚ್ಚಿ ಶಿಫಾರಸು ಬರೆದ್ರೆ ಹೆಚ್ಚಿನ ಗಣಿತ ಬಂದಂಗೇ. ಮುಖ ಗಂಟು ಹಾಕ್ಕೊಂಡ್ರೆ ನಮ್ಮ ಹುಡುಗೀರಿಗೆ ಹಪ್ಪಳ ಸಂಡಿಗೆನೇ ಗತಿ. ಆಯ್ತು, ಏನು ಕಲಿಸ್ತೀರಿ?"

"ಈ ಯಂತ್ರಕ್ಕೆ ಹತ್ತು ಅಂಕಿಗಳು ಬೇಕಿಲ್ಲ ಸಾರ್. ಸೊನ್ನೆ ಮತ್ತು ಒಂದು, ಇವೆರಡರಲ್ಲೇ ಎಲ್ಲ ಲೆಕ್ಕವನ್ನೂ ಮಾಡುತ್ತದೆ."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಒಳ್ಳೇದೇ ಆಯ್ತು ಕಣಮ್ಮ. ಹತ್ತು ಅಂಕಿ ಇಟ್ಕೊಂಡು ಅರ್ಧ ಕ್ಲಾಸು ಫೇಲಾಗ್ತಾ ಐತೆ. ಎರಡಕ್ಕೆ ಇಳಿಸಿದ್ರೆ ಪಾಸಾದ್ರೂ ಆದಾರು."

ಚೆಕಿಂಗ್ ಬಾಬು

ನನ್ನ ತಾಯಿ ಕಲ್ಯಾಣದುರ್ಗದಲ್ಲಿದ್ದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮದರಾಸಿನ ಕಾರ್ಡನ್ನು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡು ಓದುತ್ತಾ ಕುಳಿತಿದ್ದ ಒಂದು ದಿನ, ಪೆನುಕೊಂಡದಲ್ಲಿ ಚೆಕಿಂಗ್ ಬಾಬು ಹತ್ತಿದರು. "ಟಿಕೆಟ್" ಎಂದರು. ಓದಿನ ಗುಂಗಿನಲ್ಲಿದ್ದ ನಾನು ಪುಸ್ತಕದಿಂದ ತಲೆಯೆತ್ತದೆ ಕಾರ್ಡನ್ನು ಕೊಟ್ಟೆ.

ಕಾರ್ಡು ಹಿಂದಕ್ಕೆ ಬರಲಿಲ್ಲ. ತಲೆಯೆತ್ತಿ ನೋಡಿದರೆ, ಅವರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲೆ, ಕೆಳಗೆ, ಹಿಂದೆ, ಮುಂದೆ ತಿರುಗಿಸುತ್ತಿದ್ದರು.

"ಎಲ್ಲಿ ಹತ್ತಿದ್ರಮ್ಮ?"

"ಹಿಂದೂಪುರದಲ್ಲಿ."

ಅವರು ಕಂಡಕ್ಟರನ ಕಡೆ ತಿರುಗಿದರು. "ಏನಯ್ಯಾ, ಹಿಂದೂಪುರದಿಂದ ಇಲ್ಲೀಗಂಟ ಇಷ್ಟು ತೂತು ಹೊಡೆದಿದ್ದೀಯ?"

ಕಂಡಕ್ಟರ್ ಹೆದರಿದ. "ದೇವ್ರಾಣೆ ಇಲ್ಲ ಸಾ. ನಾನು ಹೊಡೆದಿದ್ದು ಒಂದೇ."

ನನಗೆ ತಪ್ಪು ತಿಳಿಯಿತು. ಸರಿಯಾದ ಟಿಕೆಟನ್ನು ಹುಡುಕಿ ಕೊಟ್ಟು, ಕಾರ್ಡಿನ ವಿಷಯವನ್ನು ವಿವರಿಸಿದೆ. ಇದು ಕಂಪ್ಯೂಟರ್ ಎಂಬ ಯಂತ್ರಕ್ಕೆ ಕೊಡುವ ಕಾರ್ಡು, ಯಾವ ತೂತು ಎಲ್ಲಿದೆಯೆಂದು ನೋಡಿ ಯಂತ್ರವು ವಿಷಯವನ್ನು ಓದಿಕೊಳ್ಳುತ್ತದೆ, ಎಂದೆ. ಬಸ್ಸಿನವರೆಲ್ಲ ಕಿವಿಗೊಟ್ಟಿದ್ದರಿಂದ ತುಸು ವಿಸ್ತಾರವಾಗಿಯೇ ಹೇಳಿದೆನೆಂದು ಕಾಣುತ್ತದೆ.

ಚೆಕಿಂಗ್ ಬಾಬು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕಾರ್ಡನ್ನು ನನ್ನ ಕೈಗೆ ಹಿಂದಿರುಗಿಸಿದರು. "ಹದಿನೆಂಟು ವರ್ಷದಿಂದ ನಾನೂ ತೂತೇ ಓದ್ತಾ ಇರೋದು ಕಣಮ್ಮ. ಇದನ್ನ ಓದಿದ್ರೆ, ನೀವು ದಿಲ್ಲಿಗೆ ಹೋಗಿ ಬಂದು, ಈಗ ಎರಡನೇ ಸಲ ದಿಲ್ಲಿಗೆ ಹೊಂಟಿದ್ದೀರ."

ಅಂಗಳದ ವಿಚಾರಣೆ

ಕಲ್ಯಾಣದುರ್ಗದ ನಮ್ಮ ಮನೆಯ ಪಕ್ಕದಲ್ಲಿ ಸೆಟ್ಟೂರಿನ ಕಡೆಯ ಅಜ್ಜಿಯೊಬ್ಬರಿದ್ದರು. ನಾನು ಒಳಗೆ ಕಾಫಿ ಕುಡಿಯುತ್ತಿದ್ದಾಗ ಅಂಗಳದಲ್ಲಿ ಅವರು ನನ್ನ ತಾಯಿಯನ್ನು ವಿಚಾರಿಸುವುದು ಕೇಳಿಸಿತು.

"ಏನೋ ಹೊಸ ಮಿಷನ್ ಪಾಠ ಹೇಳ್ತಾಳಂತೆ ನಿನ್ನ ಮಗಳು. ಎಲ್ಲೈತೆ ಮಿಷನ್ನು? ಇಸ್ಕೂಲಾಗಾ?"

"ಇಲ್ಲ."

"ಹಿಂದೂಪುರದಾಗಾ?"

"ಅಲ್ಲೂ ಇಲ್ಲ."

"ಹೋಗ್ಲಿ, ಇವಳಾದ್ರೂ ನೋಡವ್ಳಾ?"

ನನ್ನ ತಾಯಿ ಸತ್ಯವಂತೆ. "ಪಟ ನೋಡಿದಾಳಂತೆ," ಎಂದರು.

ಇನ್ನು ಸುಮ್ಮನಿರುವುದು ಸರಿಯಲ್ಲವೆಂದು ಹೊರಗೆ ಬಂದೆ. ಅಜ್ಜಿಗೆ ತಿಳಿಯುವಂತೆ ಹೇಳಿದೆ: "ಅಜ್ಜೀ, ಆ ಯಂತ್ರ ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತದೆ. ಎದುರು ಮಾತಾಡುವುದಿಲ್ಲ. ಯಾಕೆ ಅನ್ನುವುದಿಲ್ಲ. ಒಂದೇ ಕೆಲಸವನ್ನು ಸಾವಿರ ಸಲ ಹೇಳಿದರೂ ಬೇಸರಪಟ್ಟುಕೊಳ್ಳುವುದಿಲ್ಲ."

ಅಜ್ಜಿ ಗೋಡೆಯ ಆಚೆ ನೀರು ಸೇದುತ್ತಿದ್ದ ತಮ್ಮ ಸೊಸೆಯ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

"ಇನ್ನೂ ಹೊಸದು ಕಣವ್ವಾ ಅದು. ನಮ್ಮನೇಗೆ ಬಂದಿದ್ದೂ ಮೊದಲ್ನೇ ತಿಂಗಳು ಹಂಗೇ ಇತ್ತು."

ಗೋಡೆಯ ಆಚೆ ಬಿಂದಿಗೆ ನೆಲಕ್ಕೆ ಬಿದ್ದ ಶಬ್ದವಾಯಿತು. ಕೈ ಜಾರಿ ಬಿದ್ದ ಶಬ್ದದಂತೆ ಅದು ಇರಲಿಲ್ಲ.

ಏಳು ಚುಕ್ಕಿಯ ಸಾಲು

ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ, ಪ್ರತಿಯೊಂದು ಹೆಜ್ಜೆಯನ್ನೂ ಬರೆದು ಕೊಡಬೇಕು. ಇದನ್ನು ಹುಡುಗಿಯರಿಗೆ ಮನಗಾಣಿಸಲು ಅವರಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆಯನ್ನೇ ಆರಿಸಿಕೊಂಡೆ: ರಂಗೋಲಿ. ಒಬ್ಬಳು ಕ್ರಮವನ್ನು ಚೀಟಿಯಲ್ಲಿ ಬರೆಯಬೇಕು. ಇನ್ನೊಬ್ಬಳು ಯಂತ್ರವಾಗಿ, ಚೀಟಿಯಲ್ಲಿ ಇದ್ದಷ್ಟನ್ನೇ ಮಾಡಬೇಕು. ಯಂತ್ರವಾಗಲು ಪರಿಗಿಯ ಕಡೆಯಿಂದ ಬರುತ್ತಿದ್ದ ಒಬ್ಬ ರೈತರ ಹುಡುಗಿಯನ್ನು ಕರೆದೆ. ಹೇಳಿದ ಮಾತನ್ನು ಮೀರದವಳೆಂದು ಅವಳಿಗೆ ಹೆಸರಿತ್ತು.

"ಏನೇ ಆಗಲಿ, ನಿನ್ನ ಬುದ್ಧಿಯನ್ನು ಉಪಯೋಗಿಸಕೂಡದು," ಎಂದು ಎಚ್ಚರಿಸಿ, ರಂಗೋಲಿ ಪುಡಿಯ ಡಬ್ಬಿಯನ್ನು ಅವಳ ಕೈಗಿತ್ತು, ಯಾರೋ ಪೋಷಕರು ಬಂದರೆಂದು ಹೊರಗೆ ಹೋದೆ.

ಕಾಲು ಗಂಟೆಯ ನಂತರ ಹಿಂದಿರುಗಿದರೆ ತರಗತಿಯಲ್ಲಿ ಯಾರೂ ಇಲ್ಲ. ಏಳೇಳು ಚುಕ್ಕಿಗಳ ಸಾಲುಗಳು ಹಲಗೆಯ ಬುಡದಿಂದ ಹೊರಟು, ಬೆಂಚುಗಳ ನಡುವೆ ಹಾದು, ಹೊಸ್ತಿಲು ದಾಟಿ ಜಗುಲಿಗೆ ಇಳಿದಿದ್ದವು. ಅವುಗಳ ಹಿಂದೆಯೇ ನಾನೂ ನಡೆದೆ. ಜಗುಲಿಯ ತುದಿಯಲ್ಲಿ ಇಡೀ ತರಗತಿ ಉಸಿರು ಬಿಗಿಹಿಡಿದು ನಿಂತಿತ್ತು. ಪರಿಗಿಯ ಹುಡುಗಿ ಹೆಡ್ಮಾಸ್ಟರರ ಕೋಣೆಯ ಬಾಗಿಲನ್ನು ಚುಕ್ಕಿಗಳಿಂದ ತುಂಬಿ, ಒಳಕ್ಕೆ ಕಾಲಿಡಲು ಸಿದ್ಧಳಾಗಿದ್ದಳು. ಒಳಗೆ ಹೆಡ್ಮಾಸ್ಟರರು ಹೊಸ್ತಿಲಿನಾಚೆ ನಿಂತಿದ್ದರು. ಹೆಂಗಸರು ಇಟ್ಟ ರಂಗೋಲಿಯನ್ನು ತುಳಿಯಕೂಡದೆಂದು ಅವರ ಮನೆಯಲ್ಲಿ ಕಲಿಸಿದ್ದರು. ಗಂಟೆ ಹೊಡೆಯಬೇಕಾದ ಅಟೆಂಡರ್ ಕೂಡ ಅದೇ ಭಯಕ್ಕೆ ಅವರ ಪಕ್ಕದಲ್ಲೇ ಕೊಡತಿ ಹಿಡಿದು ನಿಂತಿದ್ದ.

ಚೀಟಿಯನ್ನು ಇಸಿದುಕೊಂಡು ಓದಿದೆ. "ಏಳು ಚುಕ್ಕಿ ಒಂದು ಸಾಲು ಇಡು. ಅದರ ಮುಂದೆ ಇನ್ನೊಂದು ಸಾಲು ಇಡು. ಹೀಗೆಯೇ ಇಡುತ್ತಾ ಹೋಗು."

"ಎಲ್ಲಾದರೂ ನಿಲ್ಲಿಸಬಾರದೇನೇ?" ಎಂದೆ.

"ನಿಲ್ಸು ಅಂತ ಬರ್ದಿಲ್ವಲ್ಲ ಟೀಚರ್. ಇಲ್ಲಿ ನಿಲ್ಸಾನ ಅಂತ ಒಂದ್ಸಲ ಅನ್ಸ್‌ತು. ಅದು ಬುದ್ಧಿ ಆಗ್ಬುಡ್ತದೆ ಅಂತ ಸುಮ್ಕಾದೆ."

ಕೊನೆಗೆ ಚುಕ್ಕಿಗಳ ಮೇಲೆ ಅಡ್ಡಲಾಗಿ ಬೆಂಚೊಂದನ್ನು ಸೇತುವೆಯಂತೆ ಇಡಿಸಿದೆವು. ಅದರ ಮೇಲೆ ಪಂಚೆಯೆತ್ತಿ ದಾಟಿ ಬಂದ ಹೆಡ್ಮಾಸ್ಟರರು ನನಗೆ ಹೇಳಿದ್ದಿಷ್ಟು: "ಶುರು ಮಾಡೋದು ಎಲ್ಲರಿಗೂ ಬತ್ತದೆ ಕಣಮ್ಮ. ನಿಲ್ಲಿಸೋದನ್ನ ಮೊದಲು ಕಲಿಸಿ."

ಕಂಪ್ಯೂಟರ್ ಶಿಕ್ಷಣದ ಬಗ್ಗೆ ನಾನು ಈವರೆಗೆ ಕೇಳಿರುವ ಸಲಹೆಗಳಲ್ಲಿ ಇದೇ ಶ್ರೇಷ್ಠವಾದದ್ದು.

ಕಲಿಯುವವರ ಕೈ

ಕೊನೆಗೊಂದು ಶನಿವಾರ ಕಾರ್ಡನ್ನು ತರಗತಿಯಲ್ಲಿ ಪ್ರದರ್ಶಿಸಿದೆ. ಕೈತೊಳೆದು ಬಂದು ಅಂಚನ್ನು ಮಾತ್ರ ಮುಟ್ಟಬೇಕೆಂದು ಅಪ್ಪಣೆ ಮಾಡಿದೆ. ಹುಡುಗಿಯರು ಸಾಲಾಗಿ ಬಂದು ಭಕ್ತಿಯಿಂದ ನೋಡಿ ಹೋದರು. ನೇಕಾರರ ಹುಡುಗಿಯ ಸರದಿ ಬಂದಾಗ ಅವಳು ನೋಡಿ, ಸಂಕೋಚದಿಂದ, "ಇವಿ ಮಾ ಇಂಟ್ಲೋ ಚಾಲಾ ಉನ್ನಾಯಿ ಟೀಚರ್," ಎಂದಳು. ಇಂಥವು ಅವರ ಮನೆಯಲ್ಲಿ ಬೇಕಾದಷ್ಟಿವೆಯಂತೆ!

ನಾನು ನಂಬಲಿಲ್ಲ. ಅಂದು ಸಂಜೆಯೇ ಅವರ ಮನೆಗೆ ಹೋದೆ. ಮಗ್ಗದ ನೆತ್ತಿಯ ಮೇಲಿದ್ದ, ಚಿತ್ತಾರ ಮೂಡಿಸುವ ಜಕಾರ್ಡ್ ಎಂಬ ಸಾಧನದಿಂದ, ದಾರದಲ್ಲಿ ಪೋಣಿಸಿದ ತೂತುಗಳ ರಟ್ಟಿನ ಅಟ್ಟೆಗಳು ಮಾಲೆಮಾಲೆಯಾಗಿ ಇಳಿಬಿದ್ದಿದ್ದವು. ಅವಳ ತಂದೆ ಕಾಲಿನಿಂದ ಒಮ್ಮೆ ತುಳಿದಾಗ ಒಂದು ಅಟ್ಟೆ ಸರಿದು ಮತ್ತೊಂದು ಬಂತು. ತೂತು ಇದ್ದಲ್ಲಿ ಎಳೆ ಮೇಲೆದ್ದಿತು, ಇಲ್ಲದಲ್ಲಿ ಕೆಳಗೇ ಉಳಿಯಿತು. ಸೀರೆಯ ಅಂಚಿನಲ್ಲಿ ನವಿಲೊಂದರ ಕುತ್ತಿಗೆ ಮೂಡುತ್ತಿತ್ತು. ಸೊನ್ನೆ, ಒಂದು, ಸೊನ್ನೆ, ಒಂದು. ಎರಡು ತಿಂಗಳಿಂದ ನಾನು ಬಾಯಲ್ಲಿ ಹೇಳುತ್ತಿದ್ದುದನ್ನು ಆ ಮನುಷ್ಯ ಕಾಲಿನಲ್ಲಿ ಮಾಡುತ್ತಿದ್ದರು.

"ನೀವು ಮದರಾಸಿನಿಂದ ತಂದಿದ್ದೀರಂತಲ್ಲ, ಅದನ್ನೂ ಒಸಿ ತೋರ್ಸಿ ಟೀಚರಮ್ಮ," ಎಂದರು.

ಕೊಟ್ಟೆ. ಅವರು ಅಂಚನ್ನು ಮಾತ್ರವಲ್ಲ, ಇಡಿಯ ಕಾರ್ಡನ್ನು ಹೆಬ್ಬೆರಳಿನಿಂದ ಸವರಿ, ತೂತುಗಳ ಸಾಲನ್ನು ಎರಡು ಸಲ ಪರೀಕ್ಷಿಸಿದರು. ಅವರ ಮುಖದಲ್ಲಿ ಕನಿಕರ ಮೂಡಿತು.

"ಇದನ್ನ ಹಾಕಿದ್ರೆ ಏನೂ ಬರಾಕಿಲ್ಲ ಟೀಚರಮ್ಮ. ನವಿಲೂ ಇಲ್ಲ, ಮಾವಿನಕಾಯೂ ಇಲ್ಲ, ಒಂದು ಗೀರು ಕೂಡ ನೆಟ್ಟಗಿಲ್ಲ. ಯಾರೋ ಈಗ ಕಲೀತಾ ಇರೋರು ಹೊಡೆದಿರೋದು. ಬೈಬ್ಯಾಡಿ ಪಾಪ, ಕಲ್ತ್ಕೊಂತಾರೆ."

ಈ ಅಭಿಪ್ರಾಯವನ್ನು ಮದರಾಸಿನ ಪ್ರಾಧ್ಯಾಪಕರಿಗೆ ತಿಳಿಸುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ಶನಿವಾರದ ಪಾಠವನ್ನು ಮಾತ್ರ ಆ ಮಗ್ಗದ ಮನೆಯಲ್ಲೇ ನಡೆಸಿದೆ. ಅಂದು ನಾನು ವಿದ್ಯಾರ್ಥಿನಿಯರ ಸಾಲಿನಲ್ಲಿ ಕುಳಿತಿದ್ದೆ.

ಇನ್‌ಸ್ಪೆಕ್ಟರರು ಕೂರಿಸುತ್ತಾ ಹೋದದ್ದು

ಡಿಸೆಂಬರ್ ಬಂತು. ಇನ್‌ಸ್ಪೆಕ್ಟರರಿಗೆ ತೋರಿಸಲೆಂದು ಏಳು ಹುಡುಗಿಯರಿಂದಲೇ ಒಂದು ಯಂತ್ರವನ್ನು ಮಾಡಿದೆ. ಹಲಗೆಯ ಮುಂದೆ ಒಂದೇ ಸಾಲಿನಲ್ಲಿ ಏಳು ಸ್ಟೂಲುಗಳು. ಕಿಟಕಿಯ ಕಡೆಯವಳ ಬೆಲೆ ಒಂದು. ಅಲ್ಲಿಂದ ಬಾಗಿಲಿನ ಕಡೆಗೆ ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು. ಕೂತವಳು ಸೊನ್ನೆ. ನಿಂತವರ ಬೆಲೆಗಳನ್ನು ಕೂಡಿದರೆ ಯಂತ್ರ ತೋರಿಸುವ ಸಂಖ್ಯೆ. ನಿಯಮ ಒಂದೇ: ಕಿಟಕಿಯ ಕಡೆಯ ಪಕ್ಕದವಳು ಕೂತ ಕೂಡಲೇ ನೀನು ಬದಲಾಗಬೇಕು. ಕೂತಿದ್ದರೆ ಏಳು, ನಿಂತಿದ್ದರೆ ಕೂರು. ಮೊದಲ ಹುಡುಗಿಯ ಭುಜವನ್ನು ನಾನು ಮುಟ್ಟಿದಾಗಲೆಲ್ಲ ಯಂತ್ರ ಒಂದೊಂದೇ ಎಣಿಸುತ್ತಾ ಹೋಗುತ್ತಿತ್ತು. ಆ ಜಾಗದಲ್ಲಿ ನೇಕಾರರ ಹುಡುಗಿಯನ್ನು ಕೂರಿಸಿದ್ದೆ.

ಅಭ್ಯಾಸಕ್ಕೆ ಹೆಡ್ಮಾಸ್ಟರರೂ ಮೂರು ದಿನ ಬಂದು ನೋಡಿದರು. ಹುಡುಗಿಯರು ನಡುನಡುವೆ ನಕ್ಕು ಎಡವಿದಾಗ ಗದರಿಸುತ್ತಿದ್ದವರು ಅವರೇ: "ಸಾಲಿನಾಗೆ ಇದ್ದೋರು ನಿಯಮ ತಪ್ಪಂಗಿಲ್ಲ. ಯಾರೇ ಆಗ್ಲಿ!"

ಇನ್‌ಸ್ಪೆಕ್ಟರರು ಒಳಗೆ ಬಂದರು. ಹಿರಿಯರು ಬಂದಾಗ ಏಳುವುದು ಪದ್ಧತಿ. ಏಳು ಹುಡುಗಿಯರೂ ಎದ್ದರು. ಯಂತ್ರ ಒಂದೇ ಏಟಿಗೆ ನೂರ ಇಪ್ಪತ್ತೇಳನ್ನು ತೋರಿಸಿತು. ಅದನ್ನು ಗಮನಿಸದ ಅವರು ಎಲ್ಲರೂ ಕೂರಲೆಂದು ಕೈಸನ್ನೆ ಮಾಡಿದರು. "ಮೊದಲಿನಿಂದ," ಎಂದು ನಾನು ಪಿಸುಗುಟ್ಟಿದೆ. ಎಲ್ಲರೂ ಕೂತರು. ಯಂತ್ರ ಸೊನ್ನೆಗೆ ಬಂತು. ಸಾಲಿನ ಕೊನೆಗೆ, ಬಾಗಿಲಿನ ಬಳಿ, ಎರಡು ಕುರ್ಚಿಗಳನ್ನು ಹಾಕಿದ್ದೆವು. ಹೆಡ್ಮಾಸ್ಟರರು ಅರವತ್ತನಾಲ್ಕರ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಅದರ ಆಚೆಯದು ಇನ್‌ಸ್ಪೆಕ್ಟರರದು. ಅವರು ಕೂರದೆ ಹುಡುಗಿಯರ ಮುಂದೆ ಅಡ್ಡಾಡತೊಡಗಿದರು.

ನಾನು ಮೊದಲ ಹುಡುಗಿಯ ಭುಜವನ್ನು ಮುಟ್ಟಬೇಕು, ಅಷ್ಟರಲ್ಲಿ ಅವರು ನಡುವೆ ಕುಳಿತಿದ್ದ ಎಂಟರ ಹುಡುಗಿಯ ಮುಂದೆ ನಿಂತು, "ನೀ ಪೇರೇಮಮ್ಮಾ?" ಎಂದು ಅವಳ ಹೆಸರು ಕೇಳಿದರು.

ಕೇಳಿದ್ದಕ್ಕೆ ಎದ್ದು ನಿಂತು ಉತ್ತರ ಹೇಳುವುದೂ ಪದ್ಧತಿಯೇ. ಅವಳು ಎದ್ದಳು, ಹೆಸರು ಹೇಳಿದಳು, ಕೂತಳು.

ಅವಳು ಕೂತಳಲ್ಲ, ಹದಿನಾರರ ಹುಡುಗಿ ಎದ್ದಳು.

"ನಿನ್ನನ್ನ ನಾನು ಕೇಳಲಿಲ್ಲವಲ್ಲಮ್ಮ. ಕೂರ್ಚೋ," ಎಂದರು ಇನ್‌ಸ್ಪೆಕ್ಟರರು.

ಅವಳು ಕೂತಳು. ಮೂವತ್ತೆರಡು ಎದ್ದಳು.

"ನೀನ್ಯಾಕೆ ಎದ್ದೆ? ಕೂರ್ಚೋ!"

ಕೂತಳು. ಅರವತ್ತನಾಲ್ಕು ಎದ್ದಳು. ಅವಳೇ ಪರಿಗಿಯ ಹುಡುಗಿ.

ಇನ್‌ಸ್ಪೆಕ್ಟರರ ಮುಖ ಕೆಂಪಾಯಿತು. ವಿವರಿಸಲು ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. "ಟೀಚರ್, ಲೆಕ್ಕ ಆಮೇಲಿರಲಿ. ಈ ತರಗತಿಯಲ್ಲಿ ಶಿಸ್ತೆನ್ನುವುದೇ ಇಲ್ಲವೇ?" ಎಂದು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸೇರಿಸಿದರು. ಹೆಚ್ಚಿನ ಗಣಿತದ ಶಿಫಾರಸು ಆ ಪೆನ್ನಿನೊಳಗಿತ್ತು. ನೇಕಾರರ ಹುಡುಗಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಕೂರ್ಚೋ!" ಎಂದು ಅವರು ಕೊನೆಯವಳ ಮೇಲೆ ಗರ್ಜಿಸಿದರು.

ಪರಿಗಿಯ ಹುಡುಗಿ ಕೂತಳು.

ಹೆಡ್ಮಾಸ್ಟರರು ಎದ್ದು ನಿಂತರು.

ಇನ್‌ಸ್ಪೆಕ್ಟರರ ಸಿಟ್ಟಿನ ಜಾಗಕ್ಕೆ ದಿಗ್ಭ್ರಮೆ ಬಂತು. "ಹೆಡ್ಮಾಸ್ಟರ್ ಗಾರೂ, ಮೀರೆಂದುಕು ಲೇಚಾರು? ನೀವು ಯಾಕೆ ಎದ್ರಿ?"

"ಆ ಹುಡುಗಿ ಕೂತ್ಲು ಸಾರ್," ಎಂದರು ಹೆಡ್ಮಾಸ್ಟರರು, ನೇರವಾಗಿ ಮುಂದೆ ನೋಡುತ್ತಾ.

"ಅವಳು ಕೂತರೆ ನೀವು ಯಾಕೆ ಏಳಬೇಕು?"

ಕಿಟಕಿಯ ಕಡೆಯಿಂದ ನೇಕಾರರ ಹುಡುಗಿ ಕೈಯೆತ್ತಿದಳು. ಎದ್ದರೆ ಲೆಕ್ಕ ಕೆಡುವುದೆಂದು, ಜೀವಮಾನದಲ್ಲಿ ಮೊದಲ ಬಾರಿಗೆ ಕೂತೇ ಮಾತಾಡಿದಳು.

"ಒಬ್ರು ಕೂತ್ರೆ ಪಕ್ಕದೋರು ಬದಲಾಗ್ಬೇಕು ಅನ್ನೋದು ನಿಯಮ ಸಾರ್. ನೀವು ಕೂರಿಸ್ತಾ ಕೂರಿಸ್ತಾ ಹೋದ್ರಿ, ಲೆಕ್ಕ ಏಳ್ತಾ ಏಳ್ತಾ ಹೋಯ್ತು. ಈವಾಗ ಹೆಡ್ಮಾಸ್ಟರ್ ಸಾರು ನೂರ ಇಪ್ಪತ್ತೆಂಟು."

ಇನ್‌ಸ್ಪೆಕ್ಟರರು ಸಾಲನ್ನು ಒಮ್ಮೆ ನೋಡಿದರು. ಬೆರಳು ಮಡಿಸುತ್ತಾ ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು ಎಂದು ಬಾಯೊಳಗೇ ಹೇಳಿಕೊಂಡರು. ಹೆಡ್ಮಾಸ್ಟರರ ಮುಂದೆ ಬಂದು ಬೆರಳು ನಿಂತಿತು. ಮತ್ತೊಮ್ಮೆ ಎಣಿಸಿದರು. ನಿಧಾನವಾಗಿ ನಡೆದು ಬಂದು ತಮ್ಮ ಕುರ್ಚಿಯಲ್ಲಿ ಕೂತು, ತಪಾಸಣೆಯ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿ, ಜೇಬಿನಿಂದ ಪೆನ್ನನ್ನು ಮತ್ತೆ ಹೊರತೆಗೆದರು. ಆಗಲೂ ನಿಂತೇ ಇದ್ದ ಹೆಡ್ಮಾಸ್ಟರರನ್ನು ಕಂಡು, ಗೌರವದಿಂದ, "ಇನ್ನು ತಾವು ಕೂತ್ಕೊಳ್ಳಿ," ಎಂದರು.

ಹೆಡ್ಮಾಸ್ಟರರು ಕದಲಲಿಲ್ಲ.

"ಬ್ಯಾಡಿ ಸಾರ್. ನಾನು ಕೂತ್ರೆ, ಪಕ್ಕದಾಗೆ ನೀವಿದ್ದೀರಿ. ನೀವು ಏಳ್ಬೇಕಾಗ್ತದೆ."

ಇನ್‌ಸ್ಪೆಕ್ಟರರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ನಿಂತೇ ಇರಿ. ಶಿಫಾರಸನ್ನ ನಾನು ಕೂತು ಬರೀಬೇಕು."